ಬಾಯಲ್ಲಿ ಗುಂಡುಸೂಜಿ

ಬೀದಿಯವರಿಗೆಲ್ಲ ಅವರು ಸೂಜಿಬಾಯಿ ಟೈಲರು. ಬೆಳಗ್ಗೆ ಅಂಗಡಿ ತೆರೆದು ತುಟಿಗಳ ನಡುವೆ ಗುಂಡುಸೂಜಿಗಳನ್ನು ಕಚ್ಚಿಕೊಂಡರೆ, ಗಿರಾಕಿಗೆ ಅಳತೆ ಹೇಳುವುದಕ್ಕಲ್ಲದೆ ತೆಗೆಯುತ್ತಿರಲಿಲ್ಲ. ಉಳಿದವರ ಮಾತಿಗೆಲ್ಲ ಒಂದೇ ಉತ್ತರ: "ಹೂಂ." ಮದುವೆಗೆ ಒಪ್ಪಿದ್ದೂ ಹೀಗೆಯೇ ಇರಬೇಕೆಂದು ಹೆಂಡತಿ ನಗುತ್ತಿದ್ದಳು.

ಅವರಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಅವಳು ಸಿಹಿಯನ್ನೆಲ್ಲ ಮನೆಯಿಂದ ಗಡೀಪಾರು ಮಾಡಿದ್ದಳು. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಊಟ ತಪ್ಪಬಾರದೆಂದು ಡಾಕ್ಟರು ಹೇಳಿದ್ದರು. ಆ ಮಧ್ಯಾಹ್ನವೂ ಇನ್ಸುಲಿನ್ ಚುಚ್ಚಿಕೊಂಡವರ ಪಕ್ಕದಲ್ಲಿ ಊಟದ ತಟ್ಟೆಯನ್ನು ಮುಚ್ಚಿಟ್ಟು ಹೋಗಿ, ಹಿಂದಿನ ಕೋಣೆಯಿಂದಲೇ ಊಟವಾಯಿತೇ ಎಂದು ಕೇಳಿದಳು. "ಹೂಂ" ಎಂದರು. ನಂಬಿದಳು.

ಸ್ವಲ್ಪ ಹೊತ್ತಿಗೆ ಹೊಲಿಗೆಯಂತ್ರದ ಸದ್ದು ನಿಂತಿತು. ಬಂದು ನೋಡಿದರೆ ಅವರ ಅಂಗಿ ಬೆವರಿನಲ್ಲಿ ತೊಯ್ದಿತ್ತು, ಕೈ ನಡುಗುತ್ತಿತ್ತು. ಗಿರಾಕಿಯ ಪ್ಯಾಂಟಿನ ಒಂದು ಕಾಲನ್ನು ಮಂಡಿಯ ಹತ್ತಿರವೇ ಕತ್ತರಿಸಿಬಿಟ್ಟಿದ್ದರು. ತಟ್ಟೆ ಮುಚ್ಚಿದಂತೆಯೇ ಇತ್ತು. ಊಟವಿಲ್ಲದೆ ರಕ್ತದ ಸಕ್ಕರೆ ಕುಸಿದಿದೆಯೆಂದು ಅವಳಿಗೆ ಹೊಳೆಯಿತು.

ಪಕ್ಕದ ಇಸ್ತ್ರಿ ಅಂಗಡಿಗೆ ಓಡಿ ಸಕ್ಕರೆ ಕೇಳಿದಳು.

"ಏನಕ್ಕಾ, ನಿಮ್ಮನೆಗೆ ಸಕ್ಕರೆ ವಾಪಸ್ ಬಂತಾ?" ಎಂದ ಇಸ್ತ್ರಿಯವನು ಅವಳ ಮುಖ ನೋಡಿ ಸಕ್ಕರೆ ಡಬ್ಬಿಗೆ ಕೈ ಹಾಕಿದ. ಲೋಟದ ನೀರಿನಲ್ಲಿ ಸಕ್ಕರೆ ಕದಡುತ್ತಲೇ ಹಿಂದೆ ಬಂದ.

ಆದರೆ ಬಾಯಿ ತೆರೆಸುವುದು ಹೇಗೆ? ಸೂಜಿ ತೆಗೆಯಿರೆಂದು ಬೇಡಿಕೊಂಡಳು, ಗದರಿದಳು, ಅತ್ತಳು. ಅವರು ಕೆಕ್ಕರಿಸಿ ನೋಡುತ್ತ ಇನ್ನಷ್ಟು ಬಿಗಿಯಾಗಿ ಕಚ್ಚಿದರು. ಕೈ ಹಾಕಿದರೆ ಸೂಜಿ ಗಂಟಲಿಗಿಳಿದೀತು. ತಡವಾದರೆ ಪ್ರಜ್ಞೆ ತಪ್ಪೀತು. ಆಮೇಲೆ ಬಾಯಿಗೆ ತೊಟ್ಟು ನೀರನ್ನೂ ಹಾಕುವಂತಿಲ್ಲ. ಕಣ್ಣಾಲಿಗಳು ಆಗಲೇ ತೇಲುತ್ತಿದ್ದವು.

ಅವಳು ಟೇಪನ್ನೆಳೆದು ಇಸ್ತ್ರಿಯವನ ಸೊಂಟಕ್ಕೆ ಸುತ್ತಿ, ತುದಿಯನ್ನು ಗಂಡನ ಕೈಗಿಟ್ಟಳು.

"ಗಿರಾಕಿ ಕಾಯ್ತಾ ಇದಾರೆ ರೀ. ಅಳತೆ ಹೇಳಿ."

ಅವರು ಟೇಪನ್ನೇ ನೋಡಿದರು. ಎಡಗೈ ತಾನಾಗಿ ತುಟಿಗೆ ಹೋಯಿತು. ಸೂಜಿಗಳು ಒಂದೊಂದಾಗಿ ಮೇಜಿನ ಮೇಲೆ ಉದುರಿದವು. "ಮೂವತ್ತ..." ಎನ್ನುವಷ್ಟರಲ್ಲಿ ಲೋಟ ತುಟಿಗೆ ತಾಗಿತ್ತು.

ಗುಟುಕು ಗುಟುಕಾಗಿ ನುಂಗಿದರು. ಅವಳೂ ಇಸ್ತ್ರಿಯವನೂ ಕಾಲು ಗಂಟೆ ಕಾದರು, ನಡುಕ ನಿಲ್ಲಲಿಲ್ಲ. ಇನ್ನೊಂದು ಲೋಟ ಕುಡಿಸಿದ ಮೇಲೆ ಕಣ್ಣು ನೆಟ್ಟಗಾಯಿತು. ಅನ್ನ ಕಲಸಿ ತುತ್ತು ಕೊಟ್ಟಳು.

"ಈ ಪ್ಯಾಂಟು ಕೆಡಿಸಿದ್ದು ಯಾರು?" ಎಂದರು. ಅವಳು ಇನ್ನೊಂದು ತುತ್ತು ಬಾಯಿಗಿಟ್ಟಳು.

ಮರುದಿನ ಗುಂಡಿ ಡಬ್ಬಿಯ ಪಕ್ಕದಲ್ಲಿ ಸಕ್ಕರೆ ಡಬ್ಬಿ ಬಂದು ಕುಳಿತಿತು. ಮಧ್ಯಾಹ್ನ ಅವಳು ಎದುರಿಗೇ ಬಂದು ನಿಂತು ಊಟವಾಯಿತೇ ಎಂದು ಕೇಳಿದಳು.

"ಹೂಂ."

ಅವಳು ಅಂಗೈಯನ್ನು ಅವರ ತುಟಿಯ ಕೆಳಗೆ ಹಿಡಿದಳು. ಸೂಜಿಗಳೆಲ್ಲ ಅದರೊಳಗೆ ಬಿದ್ದವು.

"ಇನ್ನೂ ಇಲ್ಲ ಕಣೇ," ಎಂದರು ಅವರು.