ಮೊದಲು ಹೋಗುವ ಮಾಮ

ಫಳ್ನೀರಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ, ಹೊಟ್ಟೆ ತುಂಬ ನೀರು ಕುಡಿದು ಚಡಪಡಿಸುತ್ತ ಕುಳಿತವರನ್ನು ಒಬ್ಬೊಬ್ಬರಾಗಿ ಒಳಗೆ ಕರೆಯುವ ಹುಡುಗಿ ಸೌಜನ್ಯ. ಹೆಸರಿಗೆ ತಕ್ಕ ಹಾಗೆ ಮೆತ್ತಗಿನ ಮಾತು. ಕೂಳೂರಿನಿಂದ ಬರುವ ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಮುಂದಿನ ಸ್ಟಾಪಿನಲ್ಲಿ ಯಾರಿಗಾದರೂ ಬಿಟ್ಟುಕೊಟ್ಟು, ಕಂಬಿ ಹಿಡಿದು ನೇತಾಡುತ್ತಾಳೆ. ಇಂಥವಳು ಮೊಬೈಲ್ ಕೈಗೆತ್ತಿಕೊಂಡರೆ ಮಾತ್ರ ಮನುಷ್ಯಳಲ್ಲ, ಹೆಮ್ಮಾರಿ.

‘ಬೀಸ್ಟ್ ಬ್ರಿಗೇಡ್’ ಅಂತ ಒಂದು ಆಟ. ನಿಮಗೆ ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ, ನನಗೂ ಗೊತ್ತಿರಲಿಲ್ಲ. ನಿಮ್ಮ ಹತ್ತಿರ ಆರು ವಿಚಿತ್ರ ಪ್ರಾಣಿಗಳು, ಎದುರಾಳಿಯ ಹತ್ತಿರ ಆರು. ಒಂದು ಸಲಕ್ಕೆ ಒಂದೊಂದು ಕಣಕ್ಕಿಳಿದು ಹೊಡೆದಾಡುತ್ತವೆ. ಬಿದ್ದರೆ ಇನ್ನೊಂದು ಬರುತ್ತದೆ. ಯಾರ ಆರೂ ಮೊದಲು ಮಗುಚುತ್ತವೋ ಅವರು ಸೋತರು. ಕೆಲವರು ಪೆಟ್ಟು ತಿಂದರೂ ಜಗ್ಗದ ಗೋಡೆಯಂಥ ಪ್ರಾಣಿಗಳನ್ನೇ ಕೂಡಿಹಾಕಿ, ಎದುರಿನವನಿಗೆ ಬೇಸರ ಬರಿಸಿಯೇ ಗೆಲ್ಲುತ್ತಾರೆ. ಸೌಜನ್ಯಳಿಗೆ ಅದು ಆಗದು. ಅವಳದ್ದು ಬರೀ ಹೊಡೆಯುವ ತಂಡ. ಕಾಯುವುದಿಲ್ಲ, ಹಿಂದೆ ಸರಿಯುವುದಿಲ್ಲ, ನುಗ್ಗಿ ಬಾರಿಸುವುದು. ದಿನವಿಡೀ ‘ಸ್ವಲ್ಪ ಕೂತ್ಕೊಳ್ಳಿ, ಈಗ ಕರೀತೇನೆ’ ಅಂತ ಹೇಳಿ ಹೇಳಿ ಒಳಗೆ ಕಟ್ಟಿಕೊಂಡದ್ದೆಲ್ಲ ಅಲ್ಲಿ ಹೊರಬರುತ್ತಿತ್ತೋ ಏನೋ.

ಇಂಥ ತಂಡ ಕಟ್ಟುವುದಕ್ಕೆ ಒಂದು ಕ್ರಮ ಉಂಟು. ಮೊದಲು ಹೋಗುವ ಪ್ರಾಣಿ ಗೆಲ್ಲುವುದಕ್ಕೆ ಹೋಗುವುದಲ್ಲ, ಸಾಯುವುದಕ್ಕೇ ಹೋಗುವುದು. ಎದುರಾಳಿಯ ಅಂಗಳದಲ್ಲಿ ಮುಳ್ಳು ಹಾಸಬೇಕು, ಢಂ ಅಂತ ಒಡೆದು ಬೀಳಬೇಕು, ಅಷ್ಟೇ ಅದರ ಕೆಲಸ. ಆಮೇಲೆ ಆ ಕಡೆಯಿಂದ ಯಾರು ಕಣಕ್ಕೆ ಕಾಲಿಟ್ಟರೂ ಮುಳ್ಳು ಚುಚ್ಚುತ್ತದೆ. ಈ ಕಡೆಯಿಂದ ಮೈಗೆ ಗೀರು ಬೀಳದ ಹೊಡೆತಗಾರ ಬಂದು ಎಲ್ಲರನ್ನೂ ಗುಡಿಸಿಹಾಕುತ್ತಾನೆ.

ಸೌಜನ್ಯ ಎಡವಿದ್ದು ಹೆಸರಿಡುವಾಗ. ಅವರದು ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮೊಗವೀರ ಮನೆ. ಅಲ್ಲಿ ತಾಯಿಯ ಅಣ್ಣನೆಂದರೆ ಎಲ್ಲದರಲ್ಲೂ ಮೊದಲು. ಮೊದಲ ಎಲೆ ಅವನಿಗೆ, ಮದುವೆ ಕಾಗದದಲ್ಲಿ ಮೊದಲ ಹೆಸರು ಅವನದು, ಹೊಸ ಮಿಕ್ಸಿ ತಂದರೂ ಮೊದಲ ಫೋನು ಅವನಿಗೆ. ಅದರಲ್ಲೂ ಅವಳ ಯಾದವ ಮಾಮ ಸಾಮಾನ್ಯ ಮಾಮನಲ್ಲ. ಬೋಟಿನ ತಾಂಡೇಲನಾಗಿ ಒಂದಿಡೀ ಪಡೆಯನ್ನು ಕಡಲಲ್ಲಿ ಆಳಿದವರು, ಈಗ ಬೋಟುಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ವ್ಯಾಪಾರ. ಅಪ್ಪ ತೀರಿಕೊಂಡ ಮೇಲೆ ಸೌಜನ್ಯಳನ್ನು ಓದಿಸಿದ್ದು, ಗದರಿದ್ದು, ಜ್ವರ ಬಂದಾಗ ಆಸ್ಪತ್ರೆಗೆ ಹೊತ್ತದ್ದು ಎಲ್ಲ ಅವರೇ. ಹಾಗಾಗಿ ತಂಡದ ಮೊದಲ ಜಾಗದಲ್ಲಿ ಬಂದ, ದಪ್ಪ ಮೀಸೆಯ ಮುಳ್ಳುಚೆಂಡಿನಂಥ ಪ್ರಾಣಿಗೆ ಅವಳು ಯೋಚಿಸದೆ ‘ಯಾದವ ಮಾಮ’ ಅಂತ ಹೆಸರಿಟ್ಟಳು. ಎರಡನೆಯದು ನಿಧಾನವಾಗಿ ಬಂದು ಗಟ್ಟಿಯಾಗಿ ಗುದ್ದುವ ಗುಂಡಣ್ಣ. ಅದಕ್ಕೆ ತನ್ನನ್ನು ಮದುವೆಯಾಗಲಿರುವ ಕಮಲೇಶನ ಹೆಸರು. ಕೊನೆಗೆ ಬಂದು ಎಲ್ಲರನ್ನೂ ಕೊಚ್ಚುವ, ಕತ್ತಿಯ ರೆಕ್ಕೆಯ ಹಾವುಮೀನಿಗೆ ತನ್ನ ಅಮ್ಮನ ಹೆಸರು, ಅಕ್ಕು. ಅಕ್ಕುವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ನಿಶ್ಚಿತಾರ್ಥ ಹತ್ತಿರ ಬಂದಿತ್ತು. ಆ ಮಾತು ಆಡಲು ಒಂದು ಭಾನುವಾರ ಯಾದವ ಮಾಮ ಊಟಕ್ಕೆ ಬಂದರು. ಅಡುಗೆಮನೆಯಲ್ಲಿ ಬಂಗುಡೆ ಪುಳಿಮುಂಚಿ ಕುದಿಯುತ್ತಿತ್ತು. ಸೌಜನ್ಯ ಟೀವಿಗೆ ಮೊಬೈಲ್ ಜೋಡಿಸಿ ಅಭ್ಯಾಸ ಮಾಡುತ್ತಿದ್ದಳು. ಪರದೆಯ ಮೇಲೆ ತಮ್ಮ ಹೆಸರು ಕಂಡು ಮಾಮನ ಮುಖ ಅರಳಿತು. ಮೀಸೆ ಕೂಡ ಉಂಟಲ್ಲ ಅಂತ ಖುಷಿಯಲ್ಲಿ ಕುರ್ಚಿ ಹತ್ತಿರ ಎಳೆದುಕೊಂಡರು. ಅಷ್ಟರಲ್ಲಿ ಢಂ! ಪರದೆಯಲ್ಲಿ ‘ಯಾದವ ಮಾಮ ಫೇಂಟೆಡ್’ ಅಂತ ಬಂತು, ಅಂದರೆ ಆಟದ ಲೆಕ್ಕದಲ್ಲಿ ಸತ್ತ ಹಾಗೆ.

ಏನೋ ಗ್ರಹಚಾರ ಅಂದುಕೊಂಡು ಮಾಮ ಇನ್ನೊಂದು ಆಟ ನೋಡಿದರು. ಢಂ. ಮತ್ತೊಂದು. ಢಂ. ಪ್ರತಿ ಸಲ ಮೊದಲು ಸಾಯುವುದು ತಾವೇ, ಪ್ರತಿ ಸಲ ಕೊನೆಗೆ ಬಂದು ಗೆಲ್ಲುವುದು ತಂಗಿ ಅಕ್ಕು. ಅವರು ಎದ್ದು ಕೈ ತೊಳೆದರು. ಊಟಕ್ಕೆ ಮೊದಲು ತೊಳೆದದ್ದಲ್ಲ, ಊಟವೇ ಬೇಡವೆಂದು ತೊಳೆದದ್ದು. ನಿಶ್ಚಿತಾರ್ಥದ ವೀಳ್ಯದ ಹರಿವಾಣ ಹಿಡಿಯಲು ಬದುಕಿರುವ ಮಾಮನನ್ನು ಯಾರನ್ನಾದರೂ ಹುಡುಕಿಕೊಳ್ಳಿ ಅಂತ ಬಾಗಿಲಲ್ಲಿ ನಿಂತು ಹೇಳಿ, ಬಂಗುಡೆಯ ಕಡೆ ಒಂದು ದುಃಖದ ನೋಟ ಹಾಕಿ, ಹೊರಟೇಹೋದರು.

ನಗಬೇಡಿ. ಆ ಹರಿವಾಣವನ್ನು ಮೊದಲು ಮಾಮ ಎತ್ತದಿದ್ದರೆ ನಿಶ್ಚಿತಾರ್ಥವೇ ಇಲ್ಲ. ಶಾಸ್ತ್ರ ಹಾಗಿರಲಿ, ಸೌಜನ್ಯಳಿಗೆ ಮಾಮನಿಲ್ಲದ ಮದುವೆಯೇ ಬೇಡವಾಗಿತ್ತು. ಫೋನು ಮಾಡಿದರೆ ಎತ್ತುವುದಿಲ್ಲ. ದಕ್ಕೆಗೆ ಹೋದರೆ ಮೀನಿನ ಕ್ರೇಟಿನ ಹಿಂದೆ ಬಗ್ಗಿ ಕೂರುತ್ತಾರೆ. ಇದೆಲ್ಲ ಆಟದ ಲೆಕ್ಕ ಅಂತ ಕಮಲೇಶ ವಿವರಿಸಲು ಹೋದ, ಪಾಪ. ನಿನ್ನ ಹೆಸರಿನ ಪ್ರಾಣಿ ಎಷ್ಟನೆಯದಾಗಿ ಸಾಯ್ತದೆ ಅಂತ ಮಾಮ ಕೇಳಿದರು. ಎರಡನೆಯದು ಅಂದ. ಹಾಗಾದರೆ ನಿನಗೂ ಮರ್ಯಾದೆ ಇಲ್ಲ, ಹೋಗು ಅಂತ ಕಳಿಸಿಬಿಟ್ಟರು.

ಕೊನೆಗೆ ಸೌಜನ್ಯ ಒಂದು ಉಪಾಯ ಮಾಡಿದಳು. ನಿಶ್ಚಿತಾರ್ಥದ ಹಿಂದಿನ ವಾರ ಹಂಪನಕಟ್ಟೆಯ ಹತ್ತಿರ ಒಂದು ಹಾಲ್‌ನಲ್ಲಿ ಈ ಆಟದ ಪಂದ್ಯಾಟ ಇತ್ತು. ತಂಡದ ಕ್ರಮ ಬದಲಿಸಿ ಮಾಮನನ್ನು ಕೊನೆಯ ಜಾಗಕ್ಕೆ ಹಾಕಿದಳು. ಈಗ ಮಾಮನನ್ನು ಯಾರೂ ಮುಟ್ಟುವುದಿಲ್ಲ, ಬಂದು ನೋಡಲಿ ಅಂತ ಅಮ್ಮನ ಮೂಲಕ ಹೇಳಿ ಕಳಿಸಿದಳು. ಅಕ್ಕು ಅಣ್ಣನಿಗೆ ಏನು ಹೇಳಿದಳೋ, ಹೇಗೆ ಹೇಳಿದಳೋ, ಮಾಮ ಬಿಳಿ ಮುಂಡು ಉಟ್ಟು, ಜರಿಯ ಶಾಲು ಹೊದ್ದು ಬಂದು ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತರು. ಸೌಜನ್ಯಳ ಕಡೆ ಮಾತ್ರ ತಿರುಗಿಯೂ ನೋಡಲಿಲ್ಲ.

ಹಳೆಯ ಕ್ರಮ ಕೆಟ್ಟಿದ್ದರೂ ಸೌಜನ್ಯ ಹೇಗೋ ಏದುಸಿರು ಬಿಡುತ್ತ ಫೈನಲ್ ತಲುಪಿದಳು. ಎದುರಾಳಿ ಕುಲಶೇಖರದ ಸೆಡ್ರಿಕ್. ಹಲ್ಲಿನ ಡಾಕ್ಟರು, ತಾಳ್ಮೆಯ ಮೂಟೆ. ಅವನದ್ದು ಪೂರಾ ಗೋಡೆಗಳ ತಂಡ. ಮೂರು ಆಟದಲ್ಲಿ ಎರಡು ಗೆದ್ದವರಿಗೆ ಶೀಲ್ಡು.

ಮೊದಲ ಆಟದಲ್ಲಿ ಮುಳ್ಳು ಹಾಸುವವರೇ ಇಲ್ಲ. ಕಮಲೇಶ ಕೈ ಎತ್ತುವಷ್ಟರಲ್ಲಿ ಬಿದ್ದ. ಅಕ್ಕು ಹೊಡೆದ ಹೊಡೆತಗಳನ್ನೆಲ್ಲ ಸೆಡ್ರಿಕ್‌ನ ಆಮೆಗಳು ಬೆನ್ನು ತುರಿಸಿಕೊಟ್ಟಂತೆ ಸಹಿಸಿಕೊಂಡವು. ಉಳಿದವರೂ ಬಿದ್ದ ಮೇಲೆ, ಕಟ್ಟಕಡೆಗೆ ಯಾದವ ಮಾಮ ಒಬ್ಬಂಟಿಯಾಗಿ ಕಣಕ್ಕೆ ಬಂದರು. ಮುಳ್ಳು ಹಾಸಿದರು. ಆ ಮುಳ್ಳಿನಿಂದ ಲಾಭ ಪಡೆಯಲು ಹಿಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಢಂ ಅನ್ನದೆಯೇ, ಆಮೆಯೊಂದರ ಬಾಲದ ಏಟಿಗೆ, ಬಿದ್ದರು.

ಮೊದಲ ಸಾಲಿನಲ್ಲಿ ಜರಿಯ ಶಾಲು ಎದ್ದು ನಿಂತಿತು. ಮಾಮ ಸೀದಾ ವೇದಿಕೆಯ ಮೆಟ್ಟಿಲಿಗೆ ಬಂದರು. ಅಲ್ಲಿದ್ದ ಸ್ವಯಂಸೇವಕ ತಡೆದು, ಕೋಚ್ ಆದರೆ ಮಾತ್ರ ಮೇಲೆ ಬಿಡುವುದು ಅಂದ.

“ನಾನು ಮಾಮ,” ಅಂದರು ಯಾದವ.

ಸ್ವಯಂಸೇವಕನೂ ಇದೇ ಕರಾವಳಿಯವನು. ದಾರಿ ಬಿಟ್ಟ.

ಸೌಜನ್ಯ ಅವರನ್ನು ಕಂಡು ಎದ್ದು ನಿಂತಳು. ಇನ್ನು ಹರಿವಾಣದ ಆಸೆ ಬಿಟ್ಟ ಹಾಗೆಯೇ ಅಂದುಕೊಂಡಳು. ಮಾಮ ಅವಳ ಕುರ್ಚಿಯ ಹತ್ತಿರವೇ ಬಂದು ನಿಂತರು.

“ಎಂತ ಸೌಜು ಇದು? ನನ್ನನ್ನು ಕಡೇ ಪಂಕ್ತಿಯಲ್ಲಿ ಕೂರಿಸಿದ್ದೀಯಾ? ಎಲ್ಲರೂ ಉಂಡು ಎದ್ದ ಮೇಲೆ ಅಳಿದುಳಿದ ಸಾರು ತಿನ್ನಲಿಕ್ಕಾ ನಾನು?”

“ಮೊದಲು ಕಳಿಸಿದ್ರೆ ನೀವು ಸಾಯ್ತೀರಿ ಮಾಮ.” ಅವಳ ಕಣ್ಣಲ್ಲಿ ನೀರು ತುಂಬಿತ್ತು.

“ಸಾಯ್ತೇನೆ. ಈಗೆಂತ? ಮೊದಲು ಹೋಗಿ ಸಾಯ್ತೇನೆ. ಹಿಂದೆ ಉಳಿದು ಎಲ್ಲರ ಹೆಣ ನೋಡ್ಲಿಕ್ಕೆ ಆಗುದಿಲ್ಲ ನನಗೆ. ಬೋಟಲ್ಲಿ ಕೂಡ ಬಲೆ ಸಿಕ್ಕಿಹಾಕ್ಕೊಂಡ್ರೆ ಮೊದಲು ನೀರಿಗೆ ಹಾರಿದ್ದು ಯಾರು? ಹಾಕು ನನ್ನನ್ನು ಮುಂದೆ.”

ಹಾಕಿದಳು. ಎರಡನೆಯ ಆಟ ನೋಡಬೇಕಿತ್ತು ನೀವು. ಯಾದವ ಮಾಮ ನುಗ್ಗಿದರು, ಮುಳ್ಳು ಹಾಸಿದರು, ಢಂ ಅಂತ ಒಡೆದರು. ಕೆಳಗಿಳಿದ ಅಸಲಿ ಮಾಮ ಶಾಲು ಸರಿಮಾಡಿಕೊಂಡು ಅಕ್ಕಪಕ್ಕದವರಿಗೆಲ್ಲ, ಅದು ನಾನೇ, ಈಗ ಸತ್ತದ್ದು ನಾನೇ ಅಂತ ಹೇಳಿಕೊಂಡು ಬಂದರು. ಕಮಲೇಶ ಈ ಸಲ ಬೀಳುವ ಮುಂಚೆ ಎರಡು ಆಮೆ ಮಗುಚಿದ. ಅಕ್ಕು ಉಳಿದದ್ದನ್ನು ಗುಡಿಸಿದಳು. ಹಾಲ್‌ನಲ್ಲಿ ಚಪ್ಪಾಳೆಯೋ ಚಪ್ಪಾಳೆ.

ಮೂರನೆಯ ಆಟ ಮಾತ್ರ ಸೆಡ್ರಿಕ್ ಸುಲಭಕ್ಕೆ ಬಿಡಲಿಲ್ಲ. ಹಲ್ಲು ಕೀಳುವವನ ತಾಳ್ಮೆಯಲ್ಲಿ ಒಂದೊಂದಾಗಿ ಕಿತ್ತ. ಕೊನೆಗೆ ಇವಳ ಕಡೆ ಉಳಿದದ್ದು ಅಕ್ಕು ಒಬ್ಬಳೇ, ಅದೂ ಗುಟುಕು ಜೀವ. ಆ ಕಡೆ ಒಂದೇ ಒಂದು ಆಮೆ, ಎಲ್ಲದರ ಅಜ್ಜ, ಒಂದೇ ಏಟಿಗೆ ಬೀಳುವ ಜಾತಿಯೇ ಅಲ್ಲ. ಆಮೆ ಕಣಕ್ಕೆ ಕಾಲಿಟ್ಟಿತು. ಎಂದೋ ಸತ್ತ ಮಾಮನ ಮುಳ್ಳು ಚುಚ್ಚಿತು. ಆಮೆಯ ಜೀವದಲ್ಲಿ ಒಂದು ಚೂರು ಕಡಿಮೆಯಾಯಿತು, ಬಹಳವಲ್ಲ, ಒಂದು ಚೂರು. ಅಕ್ಕು ಕತ್ತಿಯ ರೆಕ್ಕೆ ಬೀಸಿದಳು. ಆ ಚೂರು ಇದ್ದಿದ್ದರೆ ಆಮೆ ಬದುಕುತ್ತಿತ್ತು.

ಸೆಡ್ರಿಕ್ ಎದ್ದು ಬಂದು ಸೌಜನ್ಯಳ ಕೈ ಕುಲುಕಿದ. ಆಮೇಲೆ ಕೆಳಗಿಳಿದು, ಯಾರೂ ಹೇಳದೆಯೇ, ಮಾಮನ ಕೈಯನ್ನೂ ಕುಲುಕಿದ. ಮಾಮ ಅಂದು ಅಕ್ಕುವಿನ ಮನೆಯಲ್ಲಿ ಬಂಗುಡೆ ಬಡಿಸಿಕೊಂಡು ಬಡಿಸಿಕೊಂಡು ತಿಂದರು.

ಮುಂದಿನ ವಾರ ನಿಶ್ಚಿತಾರ್ಥ. ಹೆಣ್ಣಿನ ಕಡೆಯಿಂದ ಮಾತಾಡುವವರು ಯಾರು ಅಂತ ಕಮಲೇಶನ ಕಡೆಯ ಹಿರಿಯರು ಕೇಳುವ ಮೊದಲೇ ಯಾದವ ಮಾಮ ಎದ್ದು ನಿಂತಿದ್ದರು. ವೀಳ್ಯದ ಹರಿವಾಣ ಎರಡೂ ಕೈಯಲ್ಲಿ ಎತ್ತಿ, ಇವಳು ನಮ್ಮ ಮನೆಯ ಮಗಳು ಅಂತ ಶುರು ಮಾಡಿದರು. ಇವಳನ್ನು ನಾನು ಎತ್ತಿಕೊಂಡು, ಅಂದರು. ಕಡಲನ್ನು ಆಳಿದ ಮನುಷ್ಯ ಬಾಯಿ ತೆರೆದರು, ಮುಚ್ಚಿದರು, ಹರಿವಾಣವನ್ನು ಪಕ್ಕದಲ್ಲಿದ್ದ ತಂಗಿಯ ಕೈಗೆ ಕೊಟ್ಟು ಕುರ್ಚಿಯಲ್ಲಿ ದೊಪ್ಪನೆ ಕುಸಿದರು. ಅಕ್ಕು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಉಳಿದ ಮಾತನ್ನೆಲ್ಲ ಒಂದೇ ಉಸಿರಿಗೆ ಮುಗಿಸಿ, ಮದುವೆಯ ದಿನ, ಹಾಲ್, ಊಟಕ್ಕೆ ಯಾವ ಮೀನು, ಎಲ್ಲ ತಾನೇ ನಿಶ್ಚಯಿಸಿ ಕೂತಳು. ಗಂಡಿನ ಕಡೆಯವರಿಗೆ ತಲೆಯಾಡಿಸುವುದಷ್ಟೇ ಉಳಿದಿತ್ತು.

ಕಮಲೇಶ ಸೌಜನ್ಯಳ ಕಿವಿಯ ಹತ್ತಿರ ಬಗ್ಗಿದ. “ಫೇಂಟೆಡ್,” ಅಂದ ಮೆಲ್ಲಗೆ.

ಅದು ಮಾಮನಿಗೂ ಕೇಳಿಸಿತು. ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡು ತಿರುಗಿದರು.

“ಆದ್ರೂ ಮೊದಲು ಹೋದದ್ದು ನಾನೇ ಅಲ್ವಾ ಮಾರಾಯ,” ಅಂದರು.