ದರ್ಜಿಯ ಕಾಲಿನ ಮೇಲೊಂದು ಗೆರೆ

ಬೆಳಕು ಹರಿಯುತ್ತಿದ್ದಂತೆಯೇ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ಟ್ರೇಗಳ ಸದ್ದು ಕೇಳಿಸುತ್ತದೆ. ಕೈ ತೊಳೆದು ಗ್ಲೌಸ್ ಹಾಕಿಕೊಳ್ಳುತ್ತಿರುವ ನರ್ಸನ್ನು ಇಲ್ಲಿ ಎಲ್ಲರೂ ಕರೆಯುವುದು ‘ಪಟ್ಟಿ ಅಕ್ಕ’ ಎಂದೇ. ಎಚ್‌ಐವಿಯೊಂದಿಗೆ ಬದುಕುವವರ ಗಾಯಗಳನ್ನು ಶುಚಿಮಾಡಿ ಕಟ್ಟುವುದು ಅವರ ಕಾಯಕ. ದೇಹದ ಕಾವಲು ಸೊರಗಿದಾಗ ಸಣ್ಣದೊಂದು ಗೀರೂ ಕೀವು ತುಂಬಿ, ಸೋಂಕು ಚರ್ಮದಡಿ ಹರಡಿ ಪ್ರಾಣಕ್ಕೇ ಕುತ್ತು ತರಬಲ್ಲದು.

ಕೆಂಪೇರಿದ ಜಾಗದ ಅಂಚಿಗೆ ಅವರು ಪೆನ್ನಿನಿಂದ ಗೆರೆ ಎಳೆಯುತ್ತಾರೆ. ಮರುದಿನ ಕೆಂಪು ಆ ಗೆರೆಯನ್ನು ದಾಟಿದ್ದರೆ ಅಪಾಯ. ಒಳಸರಿದಿದ್ದರೆ ಔಷಧಿ ಗೆಲ್ಲುತ್ತಿದೆ ಎಂದರ್ಥ. ಪೆನ್ನು ಇಟ್ಟೂ ಇಟ್ಟೂ ಅವರ ಕೋಟಿನ ಜೇಬಿನ ಹೊಲಿಗೆಯೇ ಬಿಟ್ಟುಹೋಗಿದೆ.

ನಿನ್ನೆ ಮಾತ್ರ ದರ್ಜಿಯೊಬ್ಬನ ಬಲಗಾಲಿನ ಗೆರೆ ಮಾಯವಾಗಿತ್ತು. ಜನರ ಕಣ್ಣಿಗೆ ಹೆದರಿ ಎಚ್‌ಐವಿ ಮಾತ್ರೆ ಬಿಟ್ಟಿದ್ದವನು ಆತ. ಹೊಲಿಗೆಯಂತ್ರ ತುಳಿದು ತಾಯಿಯನ್ನು ಸಾಕುವ ಕಾಲೇ ಈಗ ಊದಿಕೊಂಡಿತ್ತು.

“ಯಾರಪ್ಪಾ ಇದನ್ನ ಅಳಿಸಿದ್ದು?”

“ನಾನೇ ಅಕ್ಕಾ. ಸೋಪು ಹಾಕಿ ಉಜ್ಜಿಬಿಟ್ಟೆ. ನಾವು ಬಟ್ಟೆ ಮೇಲೆ ಗೆರೆ ಎಳೆಯೋದು ಕತ್ತರಿಸೋಕೆ ತಾನೇ? ಬೆಳಗ್ಗೆ ಕಾಲು ತೆಗೀತೀರಿ ಅಂದ್ಕೊಂಡೆ.”

“ಅಯ್ಯೋ ಪುಣ್ಯಾತ್ಮ! ಒಂದು ಮಾತು ಕೇಳಿದ್ರೆ ನಾಲಿಗೆ ಸವೀತಿತ್ತಾ?”

“ಯಾರನ್ನ ಕೇಳಲಿ? ಎಲ್ಲರೂ ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗ್ತಾರೆ.”

ಈ ಉತ್ತರಕ್ಕೆ ತಲೆತಗ್ಗಿಸಬೇಕಾದವರು ನಾವು. ಮುಟ್ಟಿದರೆ, ಪಕ್ಕದಲ್ಲಿ ಕುಳಿತರೆ ಎಚ್‌ಐವಿ ಅಂಟದೆಂದು ಶಾಲೆಯಲ್ಲೇ ಓದಿದವರು ಬಾಗಿಲ ಬಳಿ ಬಂದೊಡನೆ ಪಾಠ ಮರೆಯುತ್ತಾರೆ. ಗ್ಲೌಸ್ ಎಲ್ಲ ಗಾಯಕ್ಕೂ ಬೇಕು. ಮುಖ ತಿರುಗಿಸುವುದು ಯಾವ ಗಾಯಕ್ಕೂ ಬೇಡ.

ಗೆರೆಯಿಲ್ಲದೆ ಔಷಧಿ ಹಿಡಿದಿದೆಯೋ ಇಲ್ಲವೋ ತಿಳಿಯದಾಯಿತು. ಒಂದು ದಿನ ನೋಡೋಣ, ಕೆಂಪು ಏರಿದರೆ ಶಸ್ತ್ರಚಿಕಿತ್ಸೆಯೇ ಗತಿ ಎಂದರು ವೈದ್ಯರು. ಪಟ್ಟಿ ಅಕ್ಕ ಸ್ಟೂಲು ಎಳೆದು ಆತನ ಪಕ್ಕದಲ್ಲೇ ಕುಳಿತರು. “ಹೇಳದೇ ಎಳೆದದ್ದು ನನ್ನ ತಪ್ಪು. ಇದು ಕತ್ತರಿಸೋಕಲ್ಲ, ಕೆಂಪು ಎಷ್ಟು ಸರೀತು ನೋಡೋಕೆ. ತಗೋ ಪೆನ್ನು, ಈ ಸಲ ನೀನೇ ಎಳಿ.” ದರ್ಜಿಯ ಪಳಗಿದ ಕೈ ಸೊಟ್ಟಿಲ್ಲದ ಗೆರೆ ಎಳೆಯಿತು.

ಇಂದು ಬೆಳಗ್ಗೆ ಪಟ್ಟಿ ಬಿಚ್ಚುವಾಗ ತಾಯಿ ಮಗನ ಭುಜ ಹಿಡಿದು ನಿಂತಿದ್ದಾರೆ. ಗೆರೆ ಅಲ್ಲೇ ಇದೆ. ಕೆಂಪು ಎರಡು ಬೆರಳಷ್ಟು ಒಳಗೆ ಸರಿದಿದೆ!

“ಏನ್ ದರ್ಜಿ ಸಾಹೇಬ್ರೇ, ನಿಮ್ಮ ಅಳತೆ ಸಡಿಲ ಆಯ್ತಲ್ಲ!”

“ಹಿಡಿದು ಹೊಲಿದುಬಿಡೋಣ ಬಿಡಿ ಅಕ್ಕಾ!”

“ಕಾಲು ಉಳೀತಾ ಸಿಸ್ಟರ್?” ತಾಯಿಗೆ ಇನ್ನೂ ನಂಬಿಕೆಯಿಲ್ಲ.

“ಉಳೀತಮ್ಮ. ಇನ್ಮೇಲೆ ಇವನು ಮಾತ್ರೆ ಬಿಟ್ರೆ ಮಾತ್ರ ನಾನೇ ಮುರೀತೀನಿ.”

ಕೋಣೆಯಿಡೀ ನಗು. ದರ್ಜಿಯ ಕಣ್ಣು ಆಗಲೇ ಪಟ್ಟಿ ಅಕ್ಕನ ಹೊಲಿಗೆ ಬಿಟ್ಟ ಜೇಬಿನ ಮೇಲಿದೆ. “ಸೂಜಿ ದಾರ ತರಿಸಿ, ಇಲ್ಲೇ ಹೊಲಿದುಕೊಡ್ತೀನಿ.”

ಪಟ್ಟಿ ಅಕ್ಕ ಜೇಬನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಾರೆ. “ಕೈಹೊಲಿಗೆ ನನಗೆ ಬೇಡಪ್ಪಾ. ಅಂಗಡಿಗೇ ತರ್ತೀನಿ. ಈ ಕಾಲಲ್ಲೇ ತುಳಿದು ಹೊಲಿದುಕೊಡು.”