ಅಕ್ಕನ ಬ್ಲಫ್

ಮಕ್ಕಳ ಚೀಲದಲ್ಲಿ ಇಸ್ಪೀಟು ಸಿಕ್ಕರೆ ಹರಿದು ಹಾಕುತ್ತಿದ್ದ ಕನ್ನಡ ಮಾಸ್ತರು ನಾನು. ನಿವೃತ್ತಿಯಾದ ಮೇಲೆ ಪೋಕರ್ ಕಲಿತೆ. ಕಲಿತದ್ದು ಶಾಂತಕ್ಕನಿಗಾಗಿ.

ಹಳಿಯಾಳದ ಅರ್ಧ ಊರಿಗೆ ರವಿಕೆ ಹೊಲಿದುಕೊಟ್ಟ ನನ್ನ ಅಕ್ಕನಿಗೆ ಹೋದ ವರ್ಷ ಲಕ್ವಾ ಹೊಡೆಯಿತು. ಬಲಗೈ, ಮುಖದ ಒಂದು ಬದಿ, ಮಾತು, ಮೂರೂ ಮುಷ್ಕರ ಹೂಡಿದವು. ಬೆರಳಿಗೆ ಕೆಲಸ ಕೊಡಿ ಎಂದರು ಡಾಕ್ಟರು. ಸೂಜಿ ಕೊಟ್ಟರೆ ಎಸೆದಳು. ಸೊಟ್ಟ ಹೊಲಿಗೆ ಅವಳಿಗೆ ಅವಮಾನ. ಆಗ ನನ್ನ ಗೆಳೆಯ, ದಾಂಡೇಲಿಯ ಮೆಕ್ಯಾನಿಕ್ ದಸ್ತಗೀರ್ ಸಾಹೇಬರು ಇಸ್ಪೀಟು ಹಿಡಿದು ಬಂದರು. ಹಡಗಿನಲ್ಲಿ ದುಡಿಯುವಾಗ ಪೋಕರ್ ಕಲಿತವರು. ದುಡ್ಡು ಕಟ್ಟಿ ಆಡುವವರಲ್ಲ. ಪಣಕ್ಕೆ ಗೋವಿನಜೋಳದ ಕಾಳು.

ಆಟ ಕಷ್ಟದ್ದಲ್ಲ. ಒಬ್ಬೊಬ್ಬರಿಗೆ ಎರಡು ಗುಟ್ಟಿನ ಎಲೆ, ನಡುವೆ ಎಲ್ಲರಿಗೂ ಸೇರಿದ ಐದು. ಏಳರಲ್ಲಿ ಒಳ್ಳೆಯ ಐದನ್ನು ಆರಿಸಿಕೊಳ್ಳಬೇಕು. ಒಂದು ಜೋಡಿಗಿಂತ ಎರಡು ಜೋಡಿ ಮೇಲು. ಎದುರಿನವರಷ್ಟೇ ಕಾಳು ಇಟ್ಟರೆ ಕಾಲ್, ಹೆಚ್ಚಿಟ್ಟರೆ ರೇಸ್, ಎಲೆ ಕೆಳಗಿಟ್ಟು ಶರಣಾದರೆ ಫೋಲ್ಡ್. ಕೈಯಲ್ಲಿ ಏನೂ ಇಲ್ಲದೆ ಇದ್ದಂತೆ ನಟಿಸುವುದು ಬ್ಲಫ್. ಇವಕ್ಕೆಲ್ಲ ಕನ್ನಡ ಪದ ಹುಡುಕಿ ನಾನು ಅರ್ಧ ಗಂಟೆ ಪಾಠ ಮಾಡಿದೆ. ಅಕ್ಕ ಆಕಳಿಸಿದಳು.

ಮೊದಮೊದಲು ಎಲೆಗಳು ಅವಳ ಬೆರಳಿನಿಂದ ಜಾರಿ ಅಂಗಾತ ಬೀಳುತ್ತಿದ್ದವು. ಅವನ್ನು ಎತ್ತಿಕೊಳ್ಳುವವರೆಗೆ ಸಾಹೇಬರೂ ನಾನೂ ಮಾಡಿನ ಹಂಚು ಎಣಿಸುತ್ತ ಕೂರುತ್ತಿದ್ದೆವು. ಹೀಗೆ ಎಷ್ಟೋ ರವಿವಾರ ಕಳೆದವು.

ಮೊನ್ನೆ ನನಗೆ ರಾಜನ ಜೋಡಿ, ರಾಣಿಯ ಜೋಡಿ ಎರಡೂ ಕೂಡಿದ್ದವು. ಗತ್ತಿನಿಂದ ಒಂದು ಹಿಡಿ ಕಾಳು ಇಟ್ಟೆ. ಸಾಹೇಬರು ಫೋಲ್ಡ್ ಮಾಡಿದರು. ಅಕ್ಕ ಬಲಗೈಯನ್ನೇ ಮುಂದೆ ಮಾಡಿ ತನ್ನ ರಾಶಿಯಷ್ಟನ್ನೂ ನಿಧಾನವಾಗಿ ನಡುವಿಗೆ ನೂಕಿದಳು. ಮಕ್ಕಳ ಮುಖ ನೋಡಿಯೇ ಸುಳ್ಳು ಹಿಡಿಯುತ್ತಿದ್ದವನು ನಾನು; ಅವಳ ಮುಖವನ್ನು ಬಹಳ ಹೊತ್ತು ಓದಿದೆ. ಅಕ್ಷರ ತಿಳಿಯಲಿಲ್ಲ. ಎಲೆ ಕೆಳಗಿಟ್ಟೆ.

ಅವಳು ತನ್ನ ಎಲೆ ಮಗುಚಿದಳು. ಎರಡು ಮತ್ತು ಏಳು. ನಡುವಿನ ಯಾವ ಎಲೆಗೂ ಜೋಡಿಯಾಗದ ಬರೀ ಬೋಳು ಎಲೆಗಳು. ಸಾಹೇಬರು ಗಡ್ಡ ಸವರಿಕೊಂಡು ನನ್ನತ್ತ ನೋಡಿದರು.

ಅಕ್ಕ ತನ್ನ ಮುಖ ಮುಟ್ಟಿ ತೋರಿಸಿ, ಒಂದೊಂದೇ ಪದ ಹೆಕ್ಕಿ ಹೇಳಿದಳು: "ಮಾರಿ ಅರ್ಧ ಸತ್ತದ್ದೂ ಛಲೋನ ಆತು, ತಮ್ಮಾ. ನಿನಗ ಗೊತ್ತ ಆಗಲಿಲ್ಲ."

ಕಾಯಿಲೆಯಾದ ಮೇಲೆ ಅವಳ ಬಾಯಿಂದ ಅಷ್ಟು ಉದ್ದದ ಮಾತು ಬಂದದ್ದು ಅದೇ ಮೊದಲು. ನನ್ನ ಎದೆ ಉಬ್ಬಿಹೋಯಿತು. ಸೋತವನಿಗೇ ಹೆಚ್ಚು ಹೆಮ್ಮೆ ಸಿಗುವ ಕೈಯೂ ಈ ಆಟದಲ್ಲಿದೆ. ಅದಕ್ಕೆ ಏನೆನ್ನುತ್ತಾರೋ, ಸಾಹೇಬರಿಗೂ ಗೊತ್ತಿಲ್ಲ.